ಇದನ್ನ ಯಾರು ಬಿಗಿ ಮಾಡಿದ್ದು

ಪೆಟ್ಟಿಗೆ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿತು. ಮುಂಭಾಗವನ್ನು ಬೀದಿಯ ಬಿಸಿಲು ಕಾಯಿಸುತ್ತಿತ್ತು, ಹಿಂಭಾಗ ಇನ್ನೂ ನಡುಮನೆಯ ಕತ್ತಲಲ್ಲಿತ್ತು. ಕಷಾಯಪ್ಪನ ಸೊಂಟ ಸರಿಯಾಗಿ ಹೊಸ್ತಿಲ ಮೇಲೆ. ಬದುಕಿದ್ದಾಗಲೂ ಆತ ಹೀಗೇ. ಹೊರಟೆ ಎಂದು ಎದ್ದು ಹೊಸ್ತಿಲ ಮೇಲೆ ನಿಂತನೆಂದರೆ, ಒಳಗಿನವರಿಗೂ ಹೊರಗಿನವರಿಗೂ ದಾರಿ ಬಿಡದೆ, ಹುಲ್ಲಿಗೆ ನೀರು ಹಾಯಿಸುವ ಬಗ್ಗೆ ಒಂದು ಯುಗದಷ್ಟು ಮಾತಾಡಿಬಿಡುತ್ತಿದ್ದ.

"ಓರೆ ಮಾಡಿ, ಸ್ವಲ್ಪ ಓರೆ ಮಾಡಿ," ಎಂದು ಹೊರಗಿನಿಂದ ಆತನ ತಮ್ಮ ಹೇಳಿದ. ಬಾಡಿಗೆ ವ್ಯಾನು ಓಡಿಸುವವನು ಅವನು.

"ಓರೆ ಮಾಡಿದ್ರೆ ಒಳಗೆ ಅವರು ಜಾರ್ತಾರೆ ಕಣಯ್ಯ," ಎಂದು ಒಳಗಿನಿಂದ ಕಾಳುಗೊಬ್ಬರದ ಅಂಗಡಿಯವನು ಅಂದ.

"ಜಾರ್ಲಿ ಬಿಡಿ. ಅಣ್ಣನಿಗೇನು ಇನ್ನು ಬೆನ್ನು ನೋವು ಬರುತ್ತಾ."

"ಮೊದಲು ಆ ಕುಂಡ ತೆಗೀರಿ. ಬಾಗಿಲ ಮುಂದೆ ಯಾರಾದ್ರೂ ಇಷ್ಟು ದೊಡ್ಡ ಕುಂಡ ಇಡ್ತಾರಾ."

"ಅವರೇ ಇಟ್ಟಿದ್ದು."

"ಹಾಗಾದ್ರೆ ಅವರೇ ತೆಗೀಲಿ."

ಯಾರೋ ನಕ್ಕು, ನಕ್ಕಿದ್ದನ್ನು ಕೆಮ್ಮಾಗಿ ಬದಲಿಸಿದರು. ಪೆಟ್ಟಿಗೆಯ ಹಿಂದೆ, ಗೋಡೆಗೆ ಒತ್ತಿಕೊಂಡು ಕಷಾಯಪ್ಪನ ಹೆಂಡತಿ ನಿಂತಿದ್ದಳು. ಬಟ್ಟೆ ಹೊಲಿಯುವವಳಾದ್ದರಿಂದ ಬೀದಿಗೆಲ್ಲ ಅವಳು ದರ್ಜಿಯಮ್ಮ. ಅವಳು ನಗಲೂ ಇಲ್ಲ, ಅಳಲೂ ಇಲ್ಲ. ಅವಳ ಬಾಯಲ್ಲಿ ಒಂದು ಮಾತು ಇತ್ತು. ಗಂಡ ಸತ್ತ ಬೆಳಿಗ್ಗೆಯಿಂದ ಅದನ್ನು ಅವಳು ನುಂಗಲಾರದೆ ಉಗುಳಲಾರದೆ ದವಡೆಯಲ್ಲಿಟ್ಟುಕೊಂಡಿದ್ದಳು. ಮಣ್ಣು ಬೀಳುವ ಮೊದಲು ಅದನ್ನು ಹೇಳಿಬಿಡಬೇಕು. ಮಣ್ಣು ಬಿದ್ದ ಮೇಲೆ ಹೇಳಿದರೆ ಅದು ಬರೀ ಸುದ್ದಿ.

ಕುಂಡ ಸರಿಯಿತು. ಪೆಟ್ಟಿಗೆ ಜಾರಿತು. ಒಳಗೆ ಕಷಾಯಪ್ಪನೂ ಒಂದು ಬದಿಗೆ ಜಾರಿದ ಸದ್ದು ಕೇಳಿಸಿತು. ಎಲ್ಲರೂ ಕೇಳಿಸದವರಂತೆ ಆಕಾಶ ನೋಡಿದರು.

ಆತನ ನಿಜವಾದ ಹೆಸರು ಆತನಿಗೇ ಮರೆತುಹೋಗಿತ್ತು. ಕಿತ್ತ ಕಳೆ, ಒಣಗೆಲೆ, ಮೀನಿನ ತಲೆ, ಕಾಕಂಬಿ ಎಲ್ಲವನ್ನೂ ಡ್ರಮ್ಮುಗಳಲ್ಲಿ ನೆನೆಹಾಕಿ, ಕೊಳೆಸಿ, ಸೋಸಿ, ಉಳ್ಳವರ ಅಂಗಳದ ಹುಲ್ಲಿಗೂ ಗುಲಾಬಿಗೂ ಕುಡಿಸುವುದು ಆತನ ಕಸುಬು. ಆ ದ್ರವಕ್ಕೆ ಆತ ಕಷಾಯ ಅನ್ನುತ್ತಿದ್ದ, ಜನ ಆತನಿಗೆ ಕಷಾಯಪ್ಪ ಅನ್ನುತ್ತಿದ್ದರು. ಅದರ ವಾಸನೆ ಎಂಥದೆಂದರೆ, ಮೇಲೆ ಹಾರುವ ವಿಮಾನ ಕೂಡ ಆ ಮನೆಯ ನೇರಕ್ಕೆ ಬಂದಾಗ ತುಸು ಬಾಗಿ ಪಕ್ಕಕ್ಕೆ ಸರಿಯುತ್ತಿತ್ತು. ಬೀದಿಯ ಬೆಕ್ಕುಗಳೆಲ್ಲ ಮೀನಿನ ಆಸೆಗೆ ಬಂದು, ಒಮ್ಮೆ ಮೂಸಿ, ಸನ್ಯಾಸ ತೆಗೆದುಕೊಂಡು ಹೋಗುತ್ತಿದ್ದವು.

ವ್ಯಾನಿನ ಹಿಂಬಾಗಿಲು ತೆರೆದಾಗ ಆ ವಾಸನೆಯೇ ಎದುರುಗೊಂಡಿತು. ವರ್ಷಗಟ್ಟಲೆ ಡ್ರಮ್ಮು ಹೊತ್ತ ವ್ಯಾನು ಅದು. ತಮ್ಮ ಬೆಳಿಗ್ಗೆಯಿಂದ ಅದನ್ನು ಸಾಬೂನು ಹಾಕಿ ಉಜ್ಜಿದ್ದೇ ಉಜ್ಜಿದ್ದು. ಸಾಬೂನು ಸೋತಿತ್ತು.

"ಹೇಗಾಯ್ತಂತೆ?" ಹಿಂದಿನಿಂದ ಯಾರೋ ಕೇಳಿದರು.

"ಡ್ರಮ್ಮಿನ ಮುಚ್ಚಳ ಬಿಗಿಯಾಗಿತ್ತಂತೆ. ಒಳಗೆ ಗಾಳಿ ತುಂಬಿ ತುಂಬಿ, ಬಿಚ್ಚೋ ಹೊತ್ತಿಗೆ ಸಿಡಿದು ಹಣೆಗೆ ಬಡೀತು. ಹಿಂದಕ್ಕೆ ಬಿದ್ರು. ಬಿದ್ದಲ್ಲಿ ಕಲ್ಲಿತ್ತು."

"ಯಾರು ಬಿಗಿ ಮಾಡಿದ್ದು?"

"ಅವರೇ, ಇನ್ಯಾರು. ಊರಿಗೆಲ್ಲ ಸಡಿಲ ಬಿಡಿ ಸಡಿಲ ಬಿಡಿ ಅಂತ ಬಾಯಿ ಬಡ್ಕೊಂಡು, ಕೊನೆಗೆ ತಾವೇ ಮರೆತ್ರು. ಅಂಥೋರಿಗೇ ಹೀಗಾಗೋದು ನೋಡಿ."

"ಪಾಪ."

ಆ ಪಾಪ ಎಂಬ ಪದದ ಬಾಲದಲ್ಲಿ ಒಂದು ಚೂರು ನಗು ಅಂಟಿಕೊಂಡಿತ್ತು. ದರ್ಜಿಯಮ್ಮನಿಗೆ ಅದು ಸೂಜಿ ಚುಚ್ಚಿದಷ್ಟು ಸ್ಪಷ್ಟವಾಗಿ ಕೇಳಿಸಿತು.

* * *

ಕಷಾಯಪ್ಪನಿಗೆ ಆಸ್ತಿ ಎಂದು ಇದ್ದದ್ದು ಒಂದೇ: ಆತನ ಕೈಯಲ್ಲಿ ಒಂದು ಗರಿಕೆಯೂ ಸುಟ್ಟಿರಲಿಲ್ಲ. ಬೇರೆಯವರ ಕೈಯಲ್ಲಿ ಅಂಗಳಗಳೇ ಸುಟ್ಟು ಹಪ್ಪಳವಾಗಿದ್ದವು. ಆತನ ಕೈಯಲ್ಲಿ ಇಲ್ಲ. ಆ ಹೆಮ್ಮೆಯ ಭಾರಕ್ಕೆ ಆತ ನಡೆಯುವಾಗ ನೆಲ ಸ್ವಲ್ಪ ತಗ್ಗುತ್ತಿತ್ತು.

ಹೊಸ ಗಿರಾಕಿ ಸಿಕ್ಕರೆ ಪಾಠ ಶುರು. ಉಳ್ಳವರ ಬಡಾವಣೆಯ ತುದಿಯ ದೊಡ್ಡ ಮನೆಯ ಡಾಕ್ಟರಮ್ಮ ಮೊದಲ ಸಲ ಕರೆಸಿದಾಗ, ಅವಳ ರೋಗಿಗಳೆಲ್ಲ ಹೊರಗೆ ಕಾದು ಕಾದು ತಾವೇ ಗುಣವಾಗಿ ಮನೆಗೆ ಹೋದರೆಂದು ಪ್ರತೀತಿ.

"ಹಾಗೇ ಸುರೀಬಾರದು ಡಾಕ್ಟ್ರೇ," ಎಂದಿದ್ದ ಕಷಾಯಪ್ಪ. "ತಿಳಿ ಚಹಾದ ಬಣ್ಣ ಬರೋತನಕ ನೀರು ಬೆರೆಸ್ಬೇಕು. ಗಟ್ಟಿ ಇದ್ರೆ ಒಳ್ಳೇದು ಅಂದ್ಕೋತಾರೆ ಜನ. ಗಟ್ಟಿ ಇದ್ರೆ ಬೇರು ಬೇಯುತ್ತೆ."

"ಸಾವಯವ ಅಲ್ವೇನ್ರೀ. ಸಾವಯವ ಅಂದ್ಮೇಲೆ ಏನಾಗುತ್ತೆ."

"ಹಾವೂ ಸಾವಯವಾನೇ."

ಡಾಕ್ಟರಮ್ಮ ನಕ್ಕಿದ್ದಳು. ಆತ ನಗಲಿಲ್ಲ. ಮೊದಲು ಬರೀ ನೀರು ಹಾಯಿಸಿ ನೆಲ ಒದ್ದೆ ಮಾಡಬೇಕು. ಮೂಲೆಯಲ್ಲಿ ಒಂದು ಅಂಗೈಯಗಲ ಹಾಕಿ ನೋಡಿ, ಹುಲ್ಲು ಏನನ್ನುತ್ತದೆ ಎಂದು ಕಾಯಬೇಕು. ಬಿಸಿಲೇರುವ ಮೊದಲೇ ಮುಗಿಸಬೇಕು. ಮಳೆ ಬರುವಂತಿದ್ದರೆ ಮುಟ್ಟಲೇಬಾರದು, ಎಲ್ಲ ಕೊಚ್ಚಿಕೊಂಡು ಕೆರೆಗೆ ಹೋಗಿ ಮೀನು ಸಾಯುತ್ತವೆ. ಹುಲ್ಲು ಒಣಗುವವರೆಗೆ ಮಕ್ಕಳನ್ನೂ ನಾಯಿಯನ್ನೂ ಬಿಡಬಾರದು. ಕೈಗವಸು ಹಾಕಬೇಕು, ಗಾಳಿಗೆ ಎದುರಾಗಿ ನಿಂತು ಸಿಂಪಡಿಸಬಾರದು, ಸೊಪ್ಪಿನ ಮಡಿಯ ಕಡೆಗೆ ಹನಿಯೂ ಹಾರಬಾರದು. ಇಷ್ಟೆಲ್ಲ ಆದ ಮೇಲೆ ಕೊನೆಗೆ, ದನಿ ತಗ್ಗಿಸಿ, ಮದುವೆಯ ಗುಟ್ಟು ಹೇಳುವಂತೆ:

"ಉಳಿದಿದ್ದನ್ನ ಮುಚ್ಚಿಡುವಾಗ ಮುಚ್ಚಳ ಸಡಿಲ ಇರ್ಲಿ. ಅದಿನ್ನೂ ಜೀವಂತ ಇರುತ್ತೆ. ಉಸಿರಾಡ್ಬೇಕು."

ಮನೆಯಲ್ಲೂ ಇದೇ ರಾಗ. ಮಗಳು ಹುಟ್ಟಿದಾಗ ಆತ ಮೊದಲು ಹೇಳಿದ್ದು ತೊಟ್ಟಿಲ ಹೊದಿಕೆ ಬಿಗಿಯಾಗದಿರಲಿ ಎಂದೇ. ದರ್ಜಿಯಮ್ಮ ಈ ಪಾಠವನ್ನು ಎಷ್ಟು ಸಲ ಕೇಳಿದ್ದಳೆಂದರೆ, ಹೊಲಿಗೆ ಯಂತ್ರದ ಸದ್ದೂ ಅವಳಿಗೆ ಸಡಿಲ ಸಡಿಲ ಸಡಿಲ ಎಂದೇ ಕೇಳುತ್ತಿತ್ತು.

ವಾಸನೆಯದ್ದು ಬೇರೆ ಕತೆ. ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಯಾವಾಗಲೂ ಖಾಲಿ. ಹೊಲಿಯಲು ಕೊಟ್ಟ ಬಟ್ಟೆಯನ್ನು ಗಿರಾಕಿಗಳು ಮನೆಗೊಯ್ದು ಮತ್ತೆ ಒಗೆಯುತ್ತಾರೆಂದು ಅವಳಿಗೆ ಗೊತ್ತಿತ್ತು. ಒಮ್ಮೆ ಕೇಳಿಯೂ ಬಿಟ್ಟಿದ್ದಳು: "ನಿಮಗೆ ವಾಸನೆ ಬರೋದೇ ಇಲ್ವಾ?"

"ಬರುತ್ತೆ," ಎಂದಿದ್ದ ಆತ. "ಹುಳಿ ಬಂದ್ರೆ ಇನ್ನೂ ಆಗಿಲ್ಲ ಅಂತ. ಮಣ್ಣಿನ ವಾಸನೆ ಬಂದ್ರೆ ಹದ ಆಯ್ತು ಅಂತ." ಅವಳು ಕೇಳಿದ್ದು ಅದಲ್ಲ ಎಂದು ಆತನಿಗೆ ಕೊನೆಯವರೆಗೂ ಹೊಳೆಯಲಿಲ್ಲ.

* * *

ಸ್ಮಶಾನ ಊರ ಹೊರಗಿತ್ತು. ವ್ಯಾನಿನ ಹಿಂದೆ, ಪೆಟ್ಟಿಗೆಯ ಎರಡು ಬದಿಗೆ ತಾಯಿಯೂ ಮಗಳೂ ಕೂತಿದ್ದರು. ಮಗಳು ಗ್ರಂಥಾಲಯದಲ್ಲಿ ಕೆಲಸ ಮಾಡುವವಳು, ಎಲ್ಲವೂ ತನ್ನ ತನ್ನ ಜಾಗದಲ್ಲಿ ಇರಬೇಕು ಎನ್ನುವವಳು. ವ್ಯಾನು ಹಾರಿದಾಗೆಲ್ಲ ಒಂದು ಕೈಯಿಂದ ಪೆಟ್ಟಿಗೆಯನ್ನೂ ಇನ್ನೊಂದರಿಂದ ತಾಯಿಯನ್ನೂ ಹಿಡಿಯುತ್ತಿದ್ದಳು.

"ನಿಂಗೊಂದು ಹೇಳ್ಬೇಕು," ಎಂದಳು ದರ್ಜಿಯಮ್ಮ.

"ಹೇಳಮ್ಮ."

"ಆ ಮುಚ್ಚಳ ಅವರು ಬಿಗಿ ಮಾಡಿದ್ದಲ್ಲ."

"ಅಮ್ಮ, ಬೇಡ."

"ನಾನು..."

"ಬೇಡ ಅಂದ್ನಲ್ಲ. ಬೆಳಿಗ್ಗೆಯಿಂದ ಎಲ್ರೂ ಮುಚ್ಚಳ ಮುಚ್ಚಳ ಅಂತ ಅದನ್ನೇ ಹೇಳಿ ಹೇಳಿ ನಿನ್ನ ತಲೆ ಕೆಡಿಸಿದಾರೆ. ಯಾರು ಬಿಗಿ ಮಾಡಿದ್ರೇನು ಈಗ. ನೀರು ಕುಡಿ."

ಅವಳು ನೀರಿನ ಬಾಟಲಿ ಮುಂದೆ ಹಿಡಿದಳು. ದರ್ಜಿಯಮ್ಮ ಕುಡಿದಳು. ನೀರಿನ ಜೊತೆ ಮಾತೂ ಗಂಟಲಿನವರೆಗೆ ಇಳಿದು ಅಲ್ಲೇ ನಿಂತಿತು.

* * *

ಕಷಾಯಪ್ಪ ಸಾಯುವ ಎರಡು ದಿನ ಮೊದಲು ಹೊಲಿಗೆ ಶಾಲೆಯ ಹಳೆಯ ಗೆಳತಿಯರು ಚಹಾಕ್ಕೆ ಬರುವವರಿದ್ದರು. ದರ್ಜಿಯಮ್ಮ ಮದುವೆಯಾದ ಮೇಲೆ ಮನೆಗೆ ಯಾರನ್ನೂ ಕರೆದವಳಲ್ಲ. ಕಷಾಯಪ್ಪ ಡಾಕ್ಟರಮ್ಮನ ಶಿಫಾರಸಿನ ಮೇಲೆ ದೂರದ ಒಂದು ಅತಿಥಿಗೃಹದ ಹುಲ್ಲುಹಾಸು ನೋಡಲು ಹೋಗಿದ್ದ, ಮರುದಿನ ಕತ್ತಲಾದ ಮೇಲೇ ಬರುವವನು. ಇಂಥ ಅವಕಾಶ ಶತಮಾನಕ್ಕೊಂದು ಸಲ.

ಅವಳು ಮನೆ ತೊಳೆದಳು, ಪರದೆ ಬದಲಿಸಿದಳು, ಕಿಟಕಿಗೆ ಹೂವಿಟ್ಟಳು. ಆದರೂ ವಾಸನೆ ಹಿತ್ತಲಿನಿಂದ ಮನೆಯೊಡೆಯನಂತೆ ಚಪ್ಪಲಿ ಬಿಡದೆ ಒಳಗೆ ಬರುತ್ತಿತ್ತು. ಎಲ್ಲ ಡ್ರಮ್ಮುಗಳೂ ಸೋಸಿ ಖಾಲಿಯಾಗಿದ್ದವು, ಒಂದು ಬಿಟ್ಟು. ಗೋಡೆಯ ಬದಿಯ ದಪ್ಪ ನೀಲಿ ಡ್ರಮ್ಮು, ಅಂಗೈಯಗಲದ ತಿರುಪು ಮುಚ್ಚಳದ್ದು. ಆ ಮುಚ್ಚಳ ಹೆಸರಿಗೆ ಮಾತ್ರ ಕೂತಿತ್ತು. ಅದರ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಬಂದು ಒಡೆಯುತ್ತಿದ್ದವು.

ಅವಳು ಕೈಯಿಂದ ತಿರುಗಿಸಿದಳು. ಸಾಲಲಿಲ್ಲ. ಮೆಟ್ಟಿಲ ಕೆಳಗಿನ ಪೈಪು ಸ್ಪ್ಯಾನರ್ ತಂದಳು. ಕತ್ತರಿ ಹಿಡಿದು ಹಿಡಿದು ಅವಳ ಬೆರಳುಗಳಲ್ಲಿ ಆನೆಯ ಬಲ ಕೂಡಿಕೊಂಡಿತ್ತು. ಒಂದು ಸುತ್ತು, ಇನ್ನೊಂದು ಸುತ್ತು. ಗುಳ್ಳೆ ನಿಂತಿತು. ಗೆಳತಿಯರು ಹೋದ ತಕ್ಷಣ ಬಿಚ್ಚಿದರಾಯಿತು ಎಂದುಕೊಂಡಳು.

ಗೆಳತಿಯರು ಬಂದರು. ಯಾರೂ ಮೂಗು ಮುಚ್ಚಲಿಲ್ಲ. ಒಬ್ಬಳಂತೂ ಸೋಫಾದಲ್ಲಿ ಕಾಲು ಮಡಿಸಿ ಕೂತು, "ಎಷ್ಟು ಚೆನ್ನಾಗಿದೆಯೇ ನಿನ್ನ ಮನೆ. ಹೂವಿನ ವಾಸನೆ ಬರ್ತಿದೆ," ಎಂದಳು. ದರ್ಜಿಯಮ್ಮ ಆ ಮಧ್ಯಾಹ್ನ ನಕ್ಕ ನಗು ಬೀದಿಯ ಕೊನೆಯ ಮನೆಯ ಗಾಜನ್ನೂ ಅಲುಗಿಸಿತು. ಅವರು ಹೋದ ಮೇಲೂ ಅವಳು ಹೂವಿನ ಪಕ್ಕದಲ್ಲೇ ಕೂತಿದ್ದಳು. ಸಂತೋಷ ಅವಳಿಗೆ ಅಭ್ಯಾಸವಿರಲಿಲ್ಲ. ಅದು ತಲೆಗೇರಿ, ಹಿತ್ತಲು ಎಂಬುದೊಂದಿದೆ ಎಂಬುದನ್ನೇ ಮರೆಸಿಬಿಟ್ಟಿತು. ಮರುದಿನವೂ ಮರೆಸಿತು. ಅತ್ತ ನೀಲಿ ಡ್ರಮ್ಮು ಉಸಿರು ಕಟ್ಟಿಕೊಂಡು ಬಿಸಿಲಲ್ಲಿ ನಿಂತಿತ್ತು.

ಕಷಾಯಪ್ಪ ಬಂದು, ಉಂಡು, ಮಲಗಿದ. ಬೆಳಿಗ್ಗೆ ಎದ್ದವನೇ ಹದ ಮೂಸಿ ನೋಡಲು ಹಿತ್ತಲಿಗೆ ಹೋದ. ಅವಳು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದಳು.

"ಇದನ್ನ ಯಾರು ಬಿಗಿ ಮಾಡಿದ್ದು?"

ಕಿಟಕಿಯಾಚೆಯಿಂದ ಆ ಪ್ರಶ್ನೆ ಬಂದಾಗ ಅವಳ ಕೈ ನಿಂತಿತು. ಎಲ್ಲ ನೆನಪಾಯಿತು. ಈಗ ನಾನು ಎಂದರೆ ಪಾಠ ಶುರುವಾಗುತ್ತದೆ. ಯಾಕೆ ಎಂದು ಕೇಳುತ್ತಾನೆ. ನಿಮ್ಮ ವಾಸನೆ ನನಗೆ ನಾಚಿಕೆ ತರುತ್ತೆ ಎಂದು ಹೇಳಬೇಕಾಗುತ್ತದೆ, ಅದೂ ಚಹಾ ಕುಡಿಯುವ ಮೊದಲು. ಅವಳು ಕೇಳಿಸದವಳಂತೆ ಲೋಟಕ್ಕೆ ಸಕ್ಕರೆ ಹಾಕಿ ಕದಡಿದಳು. ಚಮಚದ ಸದ್ದು ಬೇಕೆಂದೇ ಜೋರು ಮಾಡಿದಳು.

"ಏನೇ? ಕೇಳಿಸ್ತಾ?"

ಅವಳು ಕದಡುತ್ತಲೇ ಇದ್ದಳು. ಹೊರಗೆ ಸ್ಪ್ಯಾನರ್ ಲೋಹಕ್ಕೆ ತಾಗಿದ ಸದ್ದು ಬಂತು.

ಆಮೇಲೆ ಬಂದ ಸದ್ದನ್ನು ಇಡೀ ಬೀದಿ ಕೇಳಿತು.

* * *

ಗುಂಡಿಯ ಸುತ್ತ ಹುಲ್ಲು ತೇಪೆ ತೇಪೆಯಾಗಿ ಹಳದಿಯಾಗಿತ್ತು. ಕಷಾಯಪ್ಪ ಎದ್ದು ಕೂತಿದ್ದರೆ ಅಗೆಯುವವನಿಗೆ ಅಲ್ಲೇ ಒಂದು ಪಾಠವಾಗುತ್ತಿತ್ತು.

ಡಾಕ್ಟರಮ್ಮ ಬಂದಿದ್ದಳು. ವಾಸನೆಗೆ ವರ್ಷಗಟ್ಟಲೆ ಗೋಡೆಯಾಚೆಯಿಂದ ಜಗಳ ತೆಗೆದ ಪಕ್ಕದ ಮನೆಯವಳೂ ಬಂದಿದ್ದಳು, ಇವತ್ತು ಎಲ್ಲರಿಗಿಂತ ಹೆಚ್ಚು ಅತ್ತು ಕಣ್ಣು ಕುಂಬಳಕಾಯಿ ಮಾಡಿಕೊಂಡವಳು ಅವಳೇ. ಕಾಳುಗೊಬ್ಬರದವನು ತಲೆ ತಗ್ಗಿಸಿ ನಿಂತಿದ್ದ. ಚೀಲದಲ್ಲಿ ಬರುವ ರಾಸಾಯನಿಕ ಕಾಳುಗಳನ್ನು ಮಾರುವ ಆತ ಬದುಕಿಡೀ ಕಷಾಯಪ್ಪನ ಎದುರಾಳಿ.

ಪೆಟ್ಟಿಗೆಯ ಕೆಳಗೆ ಹಗ್ಗ ಹಾಯಿಸಿದರು. ಎತ್ತಿದರು.

"ತಡೀರಿ," ಎಂದಳು ದರ್ಜಿಯಮ್ಮ.

ಹಗ್ಗ ಹಿಡಿದವರು ನಿಂತರು. ಪೆಟ್ಟಿಗೆ ಗುಂಡಿಯ ಮೇಲೆ ತೂಗಾಡಿತು.

"ಮುಚ್ಚಳ ಬಿಗಿ ಮಾಡಿದ್ದು ನಾನು. ಅವರಲ್ಲ. ನಾನು."

ಜಗತ್ತು ನಿಂತೇ ಹೋಗುತ್ತದೆ ಎಂದು ಅವಳು ಅಂದುಕೊಂಡಿದ್ದಳು. ಒಂದು ಗಳಿಗೆ ನಿಂತಿತು ಕೂಡ. ಆಮೇಲೆ ಡಾಕ್ಟರಮ್ಮ ಮುಂದೆ ಬಂದು ಅವಳ ಭುಜ ಬಳಸಿದಳು.

"ಹೀಗನ್ನಿಸೋದು ಸಹಜ ಕಣಮ್ಮ. ನಮ್ಮವರು ಹೋದಾಗ ನಾನೂ ಇದನ್ನೇ ಅಂದೆ. ಹಾಗೆ ನೋಡಿದ್ರೆ ಕಾರಣ ನಾನು. ಅಷ್ಟು ದೂರ ಅವರನ್ನ ಕಳಿಸಿದ್ದು ಯಾರು. ದಣಿದು ಬಂದಿರ್ತಾರೆ, ಕೈಗೆ ಅಂದಾಜು ಸಿಕ್ಕಿರಲ್ಲ."

"ನೀವಲ್ಲ ಡಾಕ್ಟ್ರೇ, ನಾನು," ಎಂದಳು ಪಕ್ಕದ ಮನೆಯವಳು ಬಿಕ್ಕುತ್ತಾ. "ವಾಸನೆ ವಾಸನೆ ಅಂತ ದಿನಾ ಪ್ರಾಣ ತಿಂದೆ. ಅದಕ್ಕೇ ಅವರು ಬಿಗಿ ಮಾಡಿರ್ಬೇಕು. ನನ್ನ ನಾಲಿಗೆಗೆ ಬೆಂಕಿ ಬೀಳಾ."

"ನಿಮ್ಮ ನಾಲಿಗೆಗೆ ಅವರು ಯಾವತ್ತು ಹೆದರಿದ್ರು," ಎಂದ ಕಾಳುಗೊಬ್ಬರದವನು. "ಅವರ ಗಿರಾಕಿಗಳ್ನ ಒಬ್ಬೊಬ್ಬರಾಗಿ ಎಳ್ಕೊಂಡೆ ನಾನು. ಆ ಚಿಂತೇಲೇ ಮರೆವು ಬಂತು ಅವರಿಗೆ."

"ನೀವು ಎಳ್ಕೊಂಡಿದ್ದು ಆ ಹಲ್ಲಿನ ಡಾಕ್ಟರನ್ನ ಒಬ್ಬನ್ನೇ," ಎಂದಳು ಪಕ್ಕದ ಮನೆಯವಳು. "ಅವನ ಹುಲ್ಲು ಸುಟ್ಟು ಹೋಯ್ತು."

"ಸುಡಲಿ. ತಪ್ಪು ತಪ್ಪೇ ಅಲ್ವಾ ಅಮ್ಮ."

ಎಲ್ಲರೂ ತಮ್ಮ ತಮ್ಮ ತಪ್ಪನ್ನು ಹೊತ್ತು ತಂದು ಸುರಿದರು. ಸಾಲ ಮರಳಿ ಕೊಡದವನು, ಬಸ್ಸಿನಲ್ಲಿ ಎದ್ದು ಬೇರೆ ಸೀಟಿಗೆ ಹೋದವನು, ಒಮ್ಮೆ ಫೋನು ಎತ್ತದವನು. ದರ್ಜಿಯಮ್ಮನ ಒಂದು ಮಾತಿಗೆ ಅಷ್ಟೂ ಮಾತು ಬೆರೆತು, ಅದು ತಿಳಿ ಚಹಾದ ಬಣ್ಣಕ್ಕೆ ಬಂತು.

"ನಾನು ಸ್ಪ್ಯಾನರ್ ತಗೊಂಡು ತಿರುಗಿಸ್ದೆ," ಎಂದಳು ಅವಳು, ಎಲ್ಲರನ್ನೂ ತಳ್ಳಿ. "ನಿಜವಾಗ್ಲೂ. ಈ ಕೈಯಿಂದ."

"ಆಯ್ತಮ್ಮ, ಆಯ್ತು," ಎಂದಳು ಮಗಳು, ಜ್ವರ ಬಂದ ಕೂಸಿಗೆ ಹೇಳುವಂತೆ. "ಅಪ್ಪನಿಗೆ ಕೇಳಿಸುತ್ತೆ. ಸುಮ್ನಿರು."

"ಕೇಳಿಸ್ಲಿ ಅಂತಾನೇ ಹೇಳ್ತಿದೀನಿ."

ಮಗಳು ಅವಳ ಮುಖವನ್ನು ತನ್ನ ಹೆಗಲಿಗೆ ಒತ್ತಿಕೊಂಡಳು. ಹೆಗಲ ಬಟ್ಟೆಯಲ್ಲಿ ಉಳಿದ ಮಾತು ಮುಳುಗಿತು. ಅಷ್ಟೂ ಜನರಲ್ಲಿ ಬಾಯಿ ಬಿಡದೆ ನಿಂತಿದ್ದವನು ತಮ್ಮನೊಬ್ಬನೇ. ಹಗ್ಗದ ತುದಿ ಅವನ ಕೈಯಲ್ಲಿತ್ತು. ಅವನು ಅತ್ತಿಗೆಯನ್ನು ಒಂದು ಸಲ ನೋಡಿ, ಹಗ್ಗ ಸಡಿಲಿಸಿದ. ಪೆಟ್ಟಿಗೆ ಇಳಿಯಿತು.

* * *

ಮಗಳು ಡಾಕ್ಟರಮ್ಮನ ಕಾರಿನಲ್ಲಿ ಮುಂದೆ ಹೋದಳು. ದರ್ಜಿಯಮ್ಮ ಮೈದುನನ ಪಕ್ಕದಲ್ಲಿ, ವ್ಯಾನಿನ ಮುಂದಿನ ಸೀಟಿನಲ್ಲಿ ಕೂತಳು.

"ಅತ್ತಿಗೆ," ಎಂದ ಅವನು, ಊರು ಹತ್ತಿರವಾದಾಗ. "ಮುಚ್ಚಳದ ಮೇಲೆ ಸ್ಪ್ಯಾನರ್ ಹಲ್ಲಿನ ಗುರುತಿತ್ತು. ಎರಡೂ ದಿಕ್ಕಿಗೆ. ಬಿಗಿ ಮಾಡಿದ್ದು ಬೇರೆ, ಬಿಚ್ಚಿದ್ದು ಬೇರೆ. ಅಣ್ಣ ಬಿಗಿ ಮಾಡೋಕೆ ಯಾವತ್ತೂ ಸ್ಪ್ಯಾನರ್ ಮುಟ್ಟಿದೋನಲ್ಲ."

"ನಿಂಗೆ ಗೊತ್ತಿತ್ತಾ?"

"ಅವತ್ತೇ ಗೊತ್ತಾಯ್ತು."

"ಮತ್ತೆ ಅಲ್ಲಿ ಯಾಕೆ ಸುಮ್ನಿದ್ದೆ? ನೀನೊಬ್ಬ ಹೌದು ಅಂದಿದ್ರೆ ಸಾಕಿತ್ತು."

"ಅಣ್ಣನೇ ಮರೆತ ಅಂತ ಎಲ್ರಿಗೂ ಮೊದಲು ಹೇಳಿದ್ದು ನಾನೇ. ಮುಚ್ಚಳಾನ ಕೆರೆಗೆ ಎಸೆದಾಯ್ತು." ಅವನು ರಸ್ತೆ ನೋಡುತ್ತಲೇ ಹೇಳಿದ. "ಅವನ ಹೆಸರು ಹೋದ್ರೆ ಹೋಗ್ಲಿ. ಅವನಿಗೆ ಇನ್ನು ಹೆಸರು ತಗೊಂಡು ಏನಾಗ್ಬೇಕು. ಹುಡುಗಿಗೆ ಅಮ್ಮನಾದ್ರೂ ಉಳೀಬೇಕಲ್ಲ. ಬಿಗಿ ಮಾಡಿ ಮರೆತಿದ್ದು ತಾನೇ ನೀವು. ಯಾರಿಗಾದ್ರೂ ಮರೆವು ಬರುತ್ತೆ."

ಅಷ್ಟು ಜನರಲ್ಲಿ ಅವಳನ್ನು ನಂಬಿದವನು ಅವನೊಬ್ಬನೇ. ಆ ಸಮಾಧಾನದಲ್ಲಿ ಅವಳ ದವಡೆ ಪೂರ್ತಿ ಸಡಿಲವಾಯಿತು.

"ಮರೆವಷ್ಟೇ ಅಲ್ಲ ಕಣೋ," ಎಂದಳು. "ಅವರು ಕೇಳಿದ್ರು. ಬಿಚ್ಚೋಕೆ ಮೊದಲು, ಯಾರು ಬಿಗಿ ಮಾಡಿದ್ದು ಅಂತ ಕೇಳಿದ್ರು. ಎರಡು ಸಲ. ನನಗೆ ಕೇಳಿಸ್ತು. ಹೇಳಿದ್ರೆ ದೂರ ನಿಂತು ನಿಧಾನಕ್ಕೆ ಬಿಚ್ಚೋರು. ನಾನು ಚಹಾ ಕದಡ್ತಾ ಇದ್ದೆ."

ಮೈದುನನಿಗೆ ಇದು ಗೊತ್ತಿರಲಿಲ್ಲ.

ವ್ಯಾನು ತಿರುವು ದಾಟಿತು, ಅಂಗಡಿ ಸಾಲು ದಾಟಿತು. ಮನೆಯ ಮುಂದೆ ನಿಂತಾಗ ಅವನು ಎಂಜಿನ್ ಆರಿಸಲಿಲ್ಲ.

"ಒಳಗೆ ಬಾ," ಎಂದಳು ಅವಳು. "ಏನಾದ್ರೂ ತಿಂದು ಹೋಗು."

"ಇಳೀರಿ," ಎಂದ ಅವನು. ಅತ್ತಿಗೆ ಎನ್ನಲಿಲ್ಲ. ಅವಳು ಇಳಿದಳು. ಬಾಗಿಲನ್ನು ಅವನೇ ಒಳಗಿನಿಂದ ಬಾಗಿ ಎಳೆದುಕೊಂಡ.

ಅಡುಗೆಮನೆಯಲ್ಲಿ ಮಗಳು ಒಬ್ಬಳೇ ಪಾತ್ರೆ ಒರೆಸುತ್ತಿದ್ದಳು. ಬಂದವರೆಲ್ಲ ಆಗಲೇ ಹೊರಟುಹೋಗಿದ್ದರು. ದರ್ಜಿಯಮ್ಮ ಸ್ಮಶಾನದ ಮಣ್ಣು ಮೆತ್ತಿದ ಕಾಲಲ್ಲೇ ಒಳಗೆ ಬಂದು ಗೂಡಿನ ಮುಂದೆ ನಿಂತಳು. ಸಕ್ಕರೆ ಡಬ್ಬಿಯನ್ನು ಎತ್ತಿಕೊಂಡು ಮುಚ್ಚಳವನ್ನು ಅರ್ಧ ಸುತ್ತು ಸಡಿಲಿಸಿ ಮರಳಿ ಇಟ್ಟಳು. ಆಮೇಲೆ ಚಹಾಪುಡಿ. ಆಮೇಲೆ ಉಪ್ಪು. ಎಣ್ಣೆ ಶೀಸೆ, ಅಕ್ಕಿಯ ಡಬ್ಬ, ನೀರಿನ ಬಾಟಲಿ, ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು, ಅರ್ಧ ಸುತ್ತು.

"ಏನಮ್ಮ ಮಾಡ್ತಿದೀಯ?"

ಅವಳು ಮುಂದಿನ ಡಬ್ಬಿಗೆ ಕೈ ಚಾಚಿದಳು.

"ಇರುವೆ ಬರುತ್ತಮ್ಮ," ಎಂದಳು ಮಗಳು ಮೆಲ್ಲಗೆ. ಬಯ್ಯಲು ಮನಸ್ಸು ಬಾರದೆ, ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ತಾಯಿಯ ಹಿಂದೆ ಸಕ್ಕರೆ ಡಬ್ಬಿಯಿಂದ ಒಂದೊಂದನ್ನೇ ಮತ್ತೆ ಬಿಗಿ ಮಾಡಲು ಶುರುಮಾಡಿದಳು.

ಸಾಲು ಮುಗಿದ ಮೇಲೆ ದರ್ಜಿಯಮ್ಮ ತಿರುಗಿ ನೋಡಿದಳು. ಮಗಳು ಔಷಧಿಯ ಸಣ್ಣ ಶೀಸೆಯೊಂದನ್ನು ಎದೆಗೊತ್ತಿ ಹಿಡಿದು, ಹಲ್ಲು ಕಚ್ಚಿ, ಬೆರಳ ಗೆಣ್ಣುಗಳು ಬಿಳಿಚುವಷ್ಟು ಬಲ ಹಾಕಿ ಮುಚ್ಚಳ ತಿರುಗಿಸುತ್ತಿದ್ದಳು.